ಸೆಗಣಿಯನ್ನು ಸುಟ್ಟದ್ದೇಕೆ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕುಡತಿನಿಯ ಸಮೀಪ ರಸ್ತೆಯ ಪಕ್ಕಕ್ಕೇ ಇರುವ ಬೂದಿದಿಬ್ಬವನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆನಾದರೂ, ಅದನ್ನು ಹತ್ತಿರದಿಂದ ಕಂಡದ್ದು ಪುರಾತತ್ತ್ವ ಅಧ್ಯಯನ ಮಾಡುತ್ತಿದ್ದ ಗೆಳೆಯನೊಬ್ಬನ ಕ್ಷೇತ್ರಕಾರ್ಯಕ್ಕೆ ಜೊತೆಯಾಗಿ ಹೋದಾಗ. ದೂರಕ್ಕೆ ಸಾಧಾರಣ ಮಣ್ಣಿನ ಗುಡ್ಡೆಯಂತೆ ತೋರುವ ಈ ದಿಬ್ಬದ ಕಡಿದ ಮಗ್ಗುಲಿನ ಎದುರು ನಿಂತಾಗ ಮಾತ್ರ ಇದು ಬೇರೆಯೇ ವಸ್ತುವೆಂದು ತಿಳಿಯುತ್ತದೆ. ಬೆರಳು ತಾಗಿದರೆ ಪುಡಿಯಾಗುವ ಬಿಳಿ ಬೂದಿಯ ಪದರ, ಅದರ ಮೇಲೆ ಕಬ್ಬಿಣದ ಕಿಟ್ಟದಂತೆ ಗಟ್ಟಿಯಾದ ಪದರ, ಮತ್ತೆ ಬೂದಿ. ಕೆಳಗೆ ಉದುರಿ ಬಿದ್ದಿದ್ದ ಚೂರೊಂದನ್ನು ಗೆಳೆಯ ನನ್ನ ಅಂಗೈಗಿಟ್ಟ. ಗಾತ್ರಕ್ಕೆ ಹೋಲಿಸಿದರೆ ಅದಕ್ಕೆ ತೂಕವೇ ಇರಲಿಲ್ಲ. ಮೈತುಂಬ ಗುಳ್ಳೆಯ ತೂತುಗಳು, ಒಡೆದ ಅಂಚಿನಲ್ಲಿ ಗಾಜಿನ ಹೊಳಪು. ಈ ದಿಬ್ಬವೆಲ್ಲ ದನದ ಸೆಗಣಿ ಸುಟ್ಟುಳಿದದ್ದು; ಸೆಗಣಿ ಇಷ್ಟರಮಟ್ಟಿಗೆ ಕರಗಿ ಗಾಜಾಗಬೇಕಾದರೆ ಎಂಥ ಬೆಂಕಿ ಹೊತ್ತಿರಬೇಕು ಎಂಬುದನ್ನು ಆ ಚೂರೇ ಹೇಳುತ್ತಿತ್ತು. ನೋಡಿದ ಮೇಲೆ ಅದನ್ನು ಇದ್ದಲ್ಲಿಯೇ ಇಡಿಸಿದ.

ಭೀಮನು ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿಯಿದು ಎಂಬ ಐತಿಹ್ಯ ಈ ಸೀಮೆಯಲ್ಲಿ ಹಳೆಯದು. ವಿದ್ವಾಂಸರೂ ಕಡಿಮೆ ಊಹೆಗಳನ್ನೇನೂ ಮಾಡಲಿಲ್ಲ. ಜ್ವಾಲಾಮುಖಿಯಿಂದ ಹಿಡಿದು ಲೋಹ ಕರಗಿಸುವ ಕುಲುಮೆಯವರೆಗೆ ಎಲ್ಲವೂ ಚರ್ಚೆಗೆ ಬಂದವು. ಇದು ನವಶಿಲಾಯುಗದವರ ದನಗಳ ಸೆಗಣಿ ಸುಟ್ಟುಳಿದ ಬೂದಿ ಎಂದು 19ನೆಯ ಶತಮಾನದಲ್ಲಿಯೇ ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಇವು ದನದ ದೊಡ್ಡಿಗಳೇ ಆಗಿದ್ದವೆನ್ನಲು ನನ್ನ ಮಟ್ಟಿಗೆ ಗೊರಸಿನ ಗುರುತಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಸುಟ್ಟದ್ದೇಕೆ ಎಂಬ ಪ್ರಶ್ನೆ ಉಳಿದೇ ಇದೆ. ಮಧ್ಯಾಹ್ನದ ಹೊತ್ತಿಗೆ ಕುರಿಗಳನ್ನು ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮನ್ನು ವಿಚಾರಿಸಿಕೊಂಡು ಅಲ್ಲಿಯೇ ಕುಳಿತರು. ಗೆಳೆಯ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟಾಗ ಅವರು ನಂಬಲಿಲ್ಲ. ತಮ್ಮ ಕುರಿಗಳನ್ನು ಒಂದು ರಾತ್ರಿ ಹೊಲದಲ್ಲಿ ತರುಬಿದರೆ ರೈತರು ಹಣವನ್ನೋ ಕಾಳನ್ನೋ ಕೊಡುವಾಗ, ಗುಡ್ಡದಷ್ಟು ಗೊಬ್ಬರಕ್ಕೆ ಬೆಂಕಿಯಿಡುವ ಮೂರ್ಖರು ಯಾರಿದ್ದಾರು ಎಂಬುದು ಅವರ ವಾದ. ಇಂದಿನ ಪಶುಪಾಲಕರನ್ನು ನೋಡಿ ಅಂದಿನವರನ್ನು ತಿಳಿಯುವ ವಿಧಾನವನ್ನು ಜನಾಂಗೀಯ ಪುರಾತತ್ತ್ವವೆನ್ನುತ್ತಾರೆ. ಆ ವಿಧಾನ ಎಲ್ಲಿ ಸೋಲುತ್ತದೆಂಬುದನ್ನು ಅದರ ಬಗ್ಗೆ ಏನನ್ನೂ ಓದದ ಈ ಹಿರಿಯರು ನೇರವಾಗಿ ತೋರಿಸಿಬಿಟ್ಟಿದ್ದರು. ಅವರಿಗೆ ಸೆಗಣಿಯೆಂದರೆ ಸಂಪತ್ತು, ಕ್ರಿ.ಪೂ. 3000ರಿಂದ 1200ರವರೆಗಿನ ಆ ಕಾಲದ ದನಗಾಹಿಗಳಿಗೂ ಹಾಗೆಯೇ ಇತ್ತೆಂದು ಹೇಳಲು ಆಧಾರವಿಲ್ಲ. ಆ ಜನ ಹುರುಳಿ, ಹೆಸರು, ಕೊರಲೆಗಳನ್ನು ಬೆಳೆಯುತ್ತಿದ್ದರೆಂಬುದು ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳಿಂದ ಗೊತ್ತಾಗಿದೆ. ಆದರೂ ಅಷ್ಟು ಸೆಗಣಿ ಹೊಲಕ್ಕೆ ಹೋಗದೆ ಇಲ್ಲಿ ಸುಟ್ಟುಹೋಗಿದೆ.

ಆಲ್ಚಿನ್ ಇದರಲ್ಲಿ ಹಬ್ಬವನ್ನು ಕಂಡರು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವಂಥ ಆಚರಣೆಗಳ ಪೂರ್ವರೂಪ ಇದಾಗಿರಬಹುದೆಂಬುದು ಅವರ ವಿಚಾರ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ದನದ ದೊಡ್ಡಿಯ ಮಗ್ಗುಲಲ್ಲಿಯೇ ಜನವಸತಿಯನ್ನೂ ದನ ಕಡಿದು ಮಾಂಸ ಮಾಡುತ್ತಿದ್ದ ನೆಲಗಟ್ಟನ್ನೂ ಗುರುತಿಸಿ, ನಿತ್ಯದ ಬದುಕಿಗೆ ಹೆಚ್ಚು ಒತ್ತುಕೊಟ್ಟರು. ನನ್ನ ಒಲವು ಎರಡನೆಯದರತ್ತ. ದೊಡ್ಡಿಯನ್ನು ಚೊಕ್ಕಟಗೊಳಿಸುವುದು ಹಬ್ಬಕ್ಕಾಗಿ ಕಾಯುವ ಕೆಲಸವಲ್ಲ. ಆದರೆ ಗಾಜಾಗುವಷ್ಟು ಬೆಂಕಿ ಬರೀ ಕಸ ಸುಡುವುದಕ್ಕೆ ಬೇಕಿತ್ತೇ ಎಂದು ಗೆಳೆಯ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. (ಆಲ್ಚಿನ್‌ರನ್ನು ಇಷ್ಟಪಡುವವರೆಲ್ಲ ಈ ಪ್ರಶ್ನೆಯನ್ನು ತುಸು ಗೆಲುವಿನಿಂದಲೇ ಕೇಳುತ್ತಾರೆ.)

ಇಂಥ ಕಡೆ ಸೂಕ್ಷ್ಮದರ್ಶಕ ನೆರವಿಗೆ ಬರುತ್ತದೆ. ಮಣ್ಣಿನ ಹೆಂಟೆಯನ್ನು ಕದಡದೆ ತೆಗೆದು, ರಾಳದಲ್ಲಿ ಗಟ್ಟಿಮಾಡಿ, ಕಾಗದಕ್ಕಿಂತ ತೆಳ್ಳಗೆ ಸೀಳಿ ನೋಡಿದರೆ, ದನಗಳು ನಿಂತಲ್ಲಿಯೇ ತುಳಿದು ಒತ್ತಿಹೋದ ಸೆಗಣಿ ಯಾವುದು, ಬಾಚಿ ತಂದು ಸುರಿದದ್ದು ಯಾವುದು ಎಂಬುದನ್ನು ಪದರಗಳ ಜೋಡಣೆಯಿಂದ ಬೇರ್ಪಡಿಸಬಹುದು. ಆ ಹೋಲಿಕೆಗೆ ಇಂದಿನ ದೊಡ್ಡಿಯೊಂದರ ಮಾದರಿಯೂ ಬೇಕು. ಗೆಳೆಯ ಹಿರಿಯರ ಹಳೆಯ ಕುರಿಹಟ್ಟಿಯಿಂದ ಒಂದು ಹೆಂಟೆ ಕೊಡಲಾದೀತೇ ಎಂದು ವಿನಯದಿಂದ ಕೇಳಿದ. ಅವರು ನಕ್ಕು, "ದನದ್ದು ಕೇಳಾಕ ಬಂದು ಕುರಿದು ಯಾಕ ಒಯ್ತೀರಿ?" ಎಂದರು. ಅದು ಸರಿಯಾದ ಮಾತೇ ಆಗಿತ್ತು. ಕುರಿಯ ಹಿಕ್ಕೆಗೂ ದನದ ಸೆಗಣಿಗೂ ನಾರಿನ ಹೆಣಿಗೆಯೇ ಬೇರೆ. ತಮ್ಮ ಅಳಿಯನಿಗೆ ದನದ ದೊಡ್ಡಿಯಿದೆಯೆಂದೂ, ಮರುದಿನ ಬೆಳಿಗ್ಗೆ ಸೆಗಣಿ ಬಾಚುವ ಮೊದಲೇ ಬರಬೇಕೆಂದೂ ಅವರು ದಾರಿ ಹೇಳಿದರು.