ಗೆದ್ದವರು ಒಳಗೆ ಹೋಗದ ಕ್ಷೇತ್ರ

ನಾನಿರುವುದು ಎನ್ನಿಸ್‌ನಲ್ಲಿ. ಐರ್ಲೆಂಡಿನ ಪಶ್ಚಿಮಕ್ಕಿರುವ ಕ್ಲೇರ್ ಕೌಂಟಿಗೆ ಇದು ಒಂಥರಾ ಜಿಲ್ಲಾ ಕೇಂದ್ರ. ಹಳೇ ಪೇಟೆಯ ಬೀದಿಗಳು ಎಷ್ಟು ಇಕ್ಕಟ್ಟು ಅಂದರೆ, ಒಂದು ವ್ಯಾನ್ ಬಂದರೆ ನಾವು ಅಂಗಡಿ ಬಾಗಿಲಿಗೆ ಅಂಟಿಕೊಂಡು ನಿಲ್ಲಬೇಕು. ಆ ಬೀದಿಗಳು ಸೇರುವ ಕಡೆ ಒಂದು ಎತ್ತರದ ಕಂಬ, ತುದಿಯಲ್ಲಿ ಒಬ್ಬರ ವಿಗ್ರಹ. ಬಂದ ಹೊಸದರಲ್ಲಿ ಯಾರೋ ಸಂತರಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಇಲ್ಲಿ ಒಂದು ಉಪಚುನಾವಣೆ ಗೆದ್ದ ವಕೀಲರು.

ಉಪಚುನಾವಣೆ ಗೆದ್ದದ್ದಕ್ಕೆ ಕಂಬವಾ ಅಂತ ನಗಬೇಡಿ. ನಾನೂ ನಕ್ಕಿದ್ದೆ.

1828ರ ಮಾತು. ಐರ್ಲೆಂಡ್ ಆಗ ಲಂಡನ್ನಿನ ಆಳ್ವಿಕೆಯಲ್ಲಿತ್ತು. ಇಲ್ಲಿನ ಬಹುಪಾಲು ಜನ ಕ್ಯಾಥೊಲಿಕರು. ಕ್ಯಾಥೊಲಿಕರು ಚುನಾವಣೆಗೆ ನಿಲ್ಲಬಾರದು ಅಂತ ಕಾನೂನು ಎಲ್ಲೂ ಹೇಳಿರಲಿಲ್ಲ. ಆದರೆ ಗೆದ್ದ ಮೇಲೆ ಒಂದು ಪ್ರಮಾಣ ಮಾಡಬೇಕಿತ್ತು, ಅದರಲ್ಲಿ ತಮ್ಮ ನಂಬಿಕೆಯನ್ನೇ ಅಲ್ಲಗಳೆಯಬೇಕಿತ್ತು. ಅಂದರೆ ನಿಲ್ಲಬಹುದು, ಗೆಲ್ಲಬಹುದು, ಕೂರುವ ಹಾಗಿಲ್ಲ. ಕ್ಲೇರ್‌ನ ಸದಸ್ಯ ವೆಸಿ ಫಿಟ್ಜ್‌ಜೆರಾಲ್ಡ್ ಮಂತ್ರಿಯಾದರು. ಮಂತ್ರಿಯಾದವರು ಮತ್ತೆ ಜನರ ಮುಂದೆ ಬರಬೇಕೆಂಬುದು ಆಗಿನ ನಿಯಮ. ಡೇನಿಯಲ್ ಓಕಾನೆಲ್ ಎಂಬ ಕ್ಯಾಥೊಲಿಕ್ ವಕೀಲರು ಅವರ ಎದುರು ನಿಂತೇಬಿಟ್ಟರು.

ಓಟು ಹಾಕಿದವರು ಯಾರು ಗೊತ್ತಾ? ವರ್ಷಕ್ಕೆ 40 ಶಿಲಿಂಗ್, ಅಂದರೆ 2 ಪೌಂಡ್ ಬೆಲೆಯ ಜಮೀನು ಉಳುವ ಸಣ್ಣ ಗೇಣಿದಾರರು. ಓಟು ಗುಟ್ಟಲ್ಲ. ಎಲ್ಲರ ಮುಂದೆ ನಿಂತು ಹೆಸರು ಬಾಯಿಬಿಟ್ಟು ಹೇಳಬೇಕು. ಯಾರು ಯಾರಿಗೆ ಹಾಕಿದರು ಅನ್ನುವುದು ಸಂಜೆಯೊಳಗೆ ಧಣಿಗೆ ಗೊತ್ತಾಗುತ್ತದೆ. ಮನಸ್ಸು ಮಾಡಿದರೆ ನಾಳೆಯೇ ಹೊಲ ಬಿಡಿಸಬಹುದು. ಅಂಥವರು ಊರೂರಿನಿಂದ ಪಾದ್ರಿಗಳ ಜೊತೆ ನಡೆದು ಎನ್ನಿಸ್‌ಗೆ ಬಂದರು. ಓಕಾನೆಲ್‌ಗೆ 2,057 ಮತ, ಮಂತ್ರಿಗೆ 982.

ಮುಂದಿನ ವರ್ಷ ಸರ್ಕಾರ ಹೆದರಿ ಕಾನೂನು ಬದಲಿಸಿತು, ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. ಓಕಾನೆಲ್‌ಗೆ ಮಾತ್ರ ಹಳೇ ಪ್ರಮಾಣವನ್ನೇ ಮಾಡು ಅಂದರು. ಒಪ್ಪಲಿಲ್ಲ. ವಾಪಸ್ ಬಂದು ಇಲ್ಲಿಂದಲೇ ಅವಿರೋಧವಾಗಿ ಮತ್ತೆ ಆರಿಸಿ ಹೋದರು. ನನ್ನ ಮನಸ್ಸಿನಲ್ಲಿ ಕೂತಿರುವುದು ಅದಲ್ಲ. ಅದೇ ವರ್ಷ ಓಟಿನ ಅರ್ಹತೆಯನ್ನು 40 ಶಿಲಿಂಗ್‌ನಿಂದ 10 ಪೌಂಡಿಗೆ ಏರಿಸಿದರು. ಧಣಿಯ ಕಣ್ಣೆದುರೇ ಓಕಾನೆಲ್ ಹೆಸರು ಹೇಳಿದ ಆ ರೈತರ ಓಟೇ ಹೋಯಿತು! ಕಂಬದ ಮೇಲೆ ಓಕಾನೆಲ್ ಇದ್ದಾರೆ. ಆ ರೈತರು ಎಲ್ಲೂ ಇಲ್ಲ.

ಒಳಗೆ ಹೋಗದವರನ್ನು ಗೆಲ್ಲಿಸುವ ಚಾಳಿ ಕ್ಲೇರ್‌ಗೆ ಅಲ್ಲಿಗೇ ನಿಲ್ಲಲಿಲ್ಲ. 1917ರ ಜೂನ್‌ನಲ್ಲಿ ಪೂರ್ವ ಕ್ಲೇರ್‌ನ ಸದಸ್ಯ ವಿಲ್ಲಿ ರೆಡ್ಮಂಡ್ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತರು. ತೆರವಾದ ಜಾಗಕ್ಕೆ ನಿಂತವರು ಏಮನ್ ಡಿ ವಲೇರಾ. ಬ್ರಿಟಿಷರ ವಿರುದ್ಧದ 1916ರ ದಂಗೆಗೆ ಮರಣದಂಡನೆಯಾಗಿ, ಅದರಿಂದ ಪಾರಾಗಿ, ಅದೇ ತಾನೇ ಜೈಲಿನಿಂದ ಬಂದಿದ್ದರು. ಗೆದ್ದರೂ ಲಂಡನ್ನಿಗೆ ಹೋಗಲ್ಲ ಅನ್ನುವುದೇ ಅವರ ಪಕ್ಷದ ನಿಲುವು. ಎದುರಾಳಿಗೆ 2,035, ಅವರಿಗೆ 5,010. 1923ರಲ್ಲಿ ಐರ್ಲೆಂಡಿನದೇ ಹೊಸ ಸರ್ಕಾರ, ಅದರ ಮೇಲೂ ಅವರಿಗೆ ಜಗಳ. ಎನ್ನಿಸ್‌ನಲ್ಲಿ ಭಾಷಣ ಮಾಡುತ್ತಿದ್ದಾಗ ಸೈನಿಕರು ಬಂದು ಹಿಡಿದುಕೊಂಡು ಹೋದರು. ಜನ ಜೈಲಿನಲ್ಲಿದ್ದವರನ್ನೇ ಭಾರಿ ಮತಗಳಿಂದ ಗೆಲ್ಲಿಸಿದರು. ಮರುವರ್ಷ ಬಿಡುಗಡೆಯಾಗಿ ಎನ್ನಿಸ್‌ಗೇ ಬಂದು, “ನಡುವೆ ಅಡ್ಡಿಯಾಯಿತಲ್ಲ, ಆಗ ನಾನು ಹೇಳುತ್ತಿದ್ದದ್ದು ಏನಪ್ಪಾ ಅಂದರೆ...” ಅಂತ ಶುರು ಮಾಡಿದರಂತೆ. ಪಕ್ಕದ ಮನೆಯ ಅಜ್ಜ ಈ ಕಥೆಯನ್ನು ನನಗೆ ಮೂರು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ಆ ಸಾಲಿಗೆ ಮುಂಚೆ ಚಹಾ ಗುಟುಕರಿಸಿ ಸ್ವಲ್ಪ ನಿಲ್ಲಿಸುತ್ತಾರೆ.

ಆಮೇಲೆ ಡಿ ವಲೇರಾ ಸಂಸತ್ತಿಗೆ ಹೋದರು, ಪ್ರಧಾನಿಯೂ ಆದರು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಮಾದರಿಯಾದ 1937ರ ಸಂವಿಧಾನ ಅವರ ಕಾಲದ್ದೇ. 1959ರವರೆಗೂ ಕ್ಲೇರ್ ಅವರ ಕೈ ಬಿಡಲಿಲ್ಲ.

ಇಲ್ಲಿ ಓಟು ಹಾಕುವ ರೀತಿ ಬೇರೆ. ಕ್ಲೇರ್ ಒಂದೇ ಕ್ಷೇತ್ರ, ಆದರೆ ನಾಲ್ಕು ಸೀಟು. ಅಭ್ಯರ್ಥಿಗಳ ಮುಂದೆ 1, 2, 3 ಅಂತ ಬರೆಯುತ್ತಾ ಹೋಗಬೇಕು. ನಮ್ಮ ಕಡೆ ಮೇಷ್ಟ್ರುಗಳಿಗೆ ಇದು ಹೊಸದಲ್ಲ. ಅಪ್ಪ ಹೈಸ್ಕೂಲ್ ಮೇಷ್ಟ್ರು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಅವರು ಹಾಕುತ್ತಿದ್ದದ್ದೂ ಇದೇ ಪ್ರಾಶಸ್ತ್ಯದ ಮತ. ಫೋನಿನಲ್ಲಿ ನಾನು ವಿವರಿಸೋಕೆ ಹೊರಟರೆ, “ಕೋಟಾ ಗೊತ್ತು ಮಾರಾಯ, ಮುಂದೆ ಹೇಳು” ಅಂದರು. ಕೋಟಾ ಅಂದರೆ ಗೆಲ್ಲೋಕೆ ಬೇಕಾದಷ್ಟು ಮತ. ಲೆಕ್ಕ ಹೀಗೆ: ಸೀಟಿಗೆ ಒಂದು ಕೂಡಿಸಿ, ಆ ಸಂಖ್ಯೆಯಿಂದ ಒಟ್ಟು ಮತ ಭಾಗಿಸಿ, ಬಂದದ್ದಕ್ಕೆ ಮತ್ತೆ ಒಂದು ಸೇರಿಸಿ. 50,000 ಮತ, ನಾಲ್ಕು ಸೀಟು ಅಂದರೆ ಕೋಟಾ 10,001. ಅಷ್ಟು ಬಂದವರು ಗೆದ್ದರು. ಅವರ ಹೆಚ್ಚುವರಿ ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತವೆ. ಯಾರೂ ಕೋಟಾ ಮುಟ್ಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು ಅವರ ಮತಗಳನ್ನು ಹಂಚುತ್ತಾರೆ. ಎಣಿಕೆ ಎರಡು ಮೂರು ದಿನ ಎಳೆಯುವುದೂ ಉಂಟು. ಎಲ್ಲ ಕೈಯಲ್ಲೇ. ಒಮ್ಮೆ ಕೋಟಿಗಟ್ಟಲೆ ಯೂರೋ ಸುರಿದು ಮತಯಂತ್ರ ತಂದಿದ್ದರು. 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಬಳಸಿದರು, ನಂಬಿಕೆ ಬರಲಿಲ್ಲ, 2012ರಲ್ಲಿ ಗುಜರಿಗೆ ಹಾಕಿದರು.

ಡಿ ವಲೇರಾಗೆ ಈ ಪದ್ಧತಿ ತೆಗೆಯಬೇಕಿತ್ತು. 1959ರ ಜೂನ್‌ನಲ್ಲಿ ಅದಕ್ಕೆ ಜನಮತಗಣನೆ ಇಟ್ಟರು. ಅದೇ ದಿನ ರಾಷ್ಟ್ರಪತಿ ಚುನಾವಣೆ, ಅದಕ್ಕೂ ಅವರೇ ಅಭ್ಯರ್ಥಿ. ಜನ ಅವರನ್ನು ರಾಷ್ಟ್ರಪತಿ ಮಾಡಿದರು, ಪದ್ಧತಿ ಮಾತ್ರ ಇರಲಿ ಅಂದರು. ಐರಿಷ್ ಜನ ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಮ್ಮವರಿಗೆ ಖುಷಿಯಾಗುವ ಒಂದು ವಿಷಯ ಇಟ್ಟುಕೊಂಡಿದ್ದೇನೆ. 1992ರಲ್ಲಿ ಕ್ಲೇರ್‌ನಿಂದ ಗೆದ್ದ ನಾಲ್ವರಲ್ಲಿ ಒಬ್ಬರು ಡಿ ವಲೇರಾರ ಮೊಮ್ಮಗಳು ಶೀಲಾ. ಇನ್ನೊಬ್ಬರು ಡಾ. ಮೂಸಾಜಿ ಭಾಮ್‌ಜಿ. ದಕ್ಷಿಣ ಆಫ್ರಿಕಾದ ಭಾರತೀಯ ಮೂಲದವರು, ಇಲ್ಲೇ ಮನೋವೈದ್ಯರು, ಲೇಬರ್ ಪಕ್ಷದವರು. ಐರಿಷ್ ಸಂಸತ್ತಿಗೆ ಹೋದ ಮೊದಲ ಮುಸ್ಲಿಂ. ಒಳಗೆ ಕೌಬಾಯ್‌ಗಳು ಬೇಕಾದಷ್ಟಿದ್ದಾರೆ, ಒಬ್ಬ ಇಂಡಿಯನ್ ಇರಲಿ ಅಂತ ಅವರು ತಮಾಷೆ ಮಾಡಿದ್ದನ್ನು ಇಲ್ಲಿ ಇನ್ನೂ ನೆನೆಸಿಕೊಳ್ಳುತ್ತಾರೆ. 1997ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ.

ನನ್ನ ಓಟಿನ ಕಥೆ ಅರ್ಧಂಬರ್ಧ. ಪೌರತ್ವ ಇಲ್ಲದಿದ್ದರೂ ಇಲ್ಲಿ ವಾಸವಿದ್ದವರು ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು. ಸಂಸತ್ತಿಗೆ ನನ್ನಂಥವರು ಹಾಕುವ ಹಾಗಿಲ್ಲ. 2024ರ ಜೂನ್‌ನಲ್ಲಿ ಕೌನ್ಸಿಲ್‌ಗೆ ಮೊದಲ ಸಲ ಹಾಕಿದೆ. ಶಾಲೆಯ ಕೋಣೆ, ದಾರ ಕಟ್ಟಿದ ಒಂದು ಪೆನ್ಸಿಲ್. ಅಭ್ಯಾಸಬಲ, ಟಿಕ್ ಹಾಕೋಕೆ ಹೋಗಿ ಕೈ ಹಿಂದಕ್ಕೆ ತೆಗೆದೆ. ಹೊರಗೆ ಬಂದು ಅಮ್ಮನಿಗೆ ಫೋಟೋ ಕಳಿಸೋಣ ಅಂದರೆ ಬೆರಳಿನಲ್ಲಿ ಏನೂ ಇಲ್ಲ. ಮೈಸೂರಿನ ಶಾಯಿ ಇಲ್ಲಿಗೆ ಬರಲ್ಲ ನೋಡಿ.

ನವೆಂಬರ್‌ನಲ್ಲಿ ಸಂಸತ್ ಚುನಾವಣೆ ಬಂತು. ಮಳೆಯಲ್ಲಿ ನೆನೆದುಕೊಂಡು ಒಬ್ಬ ಹುಡುಗ ಬಾಗಿಲು ತಟ್ಟಿದ. ನನಗೆ ಈ ಓಟಿಲ್ಲಪ್ಪ, ಕೌನ್ಸಿಲ್‌ದು ಮಾತ್ರ ಅಂದೆ. ಹೋಗುತ್ತಾನೆ ಅಂದುಕೊಂಡರೆ ಹೋಗಲಿಲ್ಲ. ಬೀದಿ ದೀಪ ಸರಿ ಇದೆಯಾ, ಬಸ್ ಹೊತ್ತಿಗೆ ಬರುತ್ತಾ ಅಂತೆಲ್ಲ ಕೇಳಿದ, ಬರೆದುಕೊಂಡ. ಕೊನೆಗೆ, “2029ಕ್ಕೆ ಕೌನ್ಸಿಲ್ ಚುನಾವಣೆ ಬರುತ್ತಲ್ಲ” ಅಂತ ಒದ್ದೆ ಕರಪತ್ರವನ್ನು ಕೈಗಿಟ್ಟೇ ಪಕ್ಕದ ಮನೆಗೆ ನಡೆದ.