ಖುಷಿಯಿಂದ ಕೊಟ್ಟಿದ್ದು

"ಅವರು ಏನೂ ಕೇಳಲಿಲ್ಲ ಬೌದಿ. ನಾವೇ ಖುಷಿಯಿಂದ ಕೊಟ್ವಿ."

ಕೋಲ್ಕತ್ತಾದ ನಮ್ಮನೆಯ ಅಡುಗೆ ಮಾಶಿ ನಾಲ್ಕು ವರ್ಷದಿಂದ ಇದನ್ನೇ ಹೇಳ್ತಿದ್ದಾರೆ. ಬಂಗಾಳಿಯಲ್ಲಿ ಮಾಶಿ ಅಂದ್ರೆ ಚಿಕ್ಕಮ್ಮ, ಬೌದಿ ಅಂದ್ರೆ ಅತ್ತಿಗೆ; ನನ್ನನ್ನು ಅವರು ಕರೆಯೋದು ಹಾಗೆ. ಕ್ಯಾನಿಂಗ್ ಕಡೆಯಿಂದ ಬೆಳಗಿನ ಲೋಕಲ್ ಹಿಡಿದು, ಢಾಕುರಿಯಾದಲ್ಲಿ ಇಳಿದು, ನಾಲ್ಕು ಮನೆಗೆ ಅಡುಗೆ ಮಾಡುವವರು. ಮಗಳ ಮದುವೆಯಲ್ಲಿ ಖುಷಿಯಿಂದ ಕೊಟ್ಟಿದ್ದು 60,000 ರೂಪಾಯಿ, ಮಂಚ, ಬೀರು, ಕಿವಿಗೆ ಚಿನ್ನ. ಸರ್ಕಾರದ ರೂಪಶ್ರೀ ಯೋಜನೆಯಿಂದ 25,000 ಬಂತು. ಅದು ಮಂಚ, ಬೀರುವಿಗೇ ಸರಿಹೋಯ್ತು. ಉಳಿದದ್ದೆಲ್ಲ ಸಂಘದ ಸಾಲ. ಶುಕ್ರವಾರ ಕಿಸ್ತಿ ಕಟ್ಟುವ ದಿನ, ಅವತ್ತು ನಮ್ಮನೆಯಲ್ಲಿ ಅಡುಗೆ ತಡ. ಒಂದು ಸಾಲ ತೀರಿಸೋಕೆ ಇನ್ನೊಂದು ತೆಗೆದಿದ್ದಾರೆ. ಅಳಿಯನೋ, ಶುದ್ಧ ಸೋಮಾರಿ. ಒಂದೇ ಸಲ ನೋಡಿದ್ದು ನಾನು, ಅಷ್ಟು ಸಾಕಾಯ್ತು.

ಬಂಗಾಳಿಯಲ್ಲಿ ವರದಕ್ಷಿಣೆಗೆ 'ಪಣ' ಅಂತಾರೆ. 1914ರಲ್ಲಿ ಇದೇ ಊರಿನಲ್ಲಿ ಸ್ನೇಹಲತಾ ಅನ್ನೋ ಹುಡುಗಿ, ತನ್ನ ಮದುವೆಗಾಗಿ ಅಪ್ಪ ಮನೆ ಅಡ ಇಡೋದು ಬೇಡ ಅಂತ ಜೀವ ಕಳೆದುಕೊಂಡಳು. ಊರೆಲ್ಲ ಸಭೆಗಳಾದವು. ಪಣ ತಗೊಳ್ಳಲ್ಲ ಅಂತ ಹುಡುಗರು ಪಣ ತೊಟ್ಟರು. 1961ರಲ್ಲಿ ಕಾನೂನೂ ಬಂತು. ಈಗ ಯಾರೂ ಬಾಯಿಬಿಟ್ಟು ಕೇಳಲ್ಲ, ಅಷ್ಟೇ.

ನಮ್ಮ ಕರ್ನಾಟಕದಲ್ಲೇನು ಕಮ್ಮಿಯಾ? ಅಕ್ಕನ ಮಾತುಕತೆಯ ದಿನ ಬೀಗರು ಕಾಫಿ ಲೋಟ ಕೆಳಗಿಡುತ್ತಾ, "ನಮ್ಮದೇನೂ ಬೇಡಿಕೆ ಇಲ್ಲಪ್ಪ, ನಿಮ್ಮ ಮಗಳಿಗೆ ಏನು ಹಾಕ್ತೀರೋ ನಿಮ್ಮಿಷ್ಟ" ಅಂದಿದ್ದರು. ಅಪ್ಪ ಆ 'ನಿಮ್ಮಿಷ್ಟ'ವನ್ನು ನಿವೃತ್ತಿಯವರೆಗೂ ತೀರಿಸಿದರು. ವರೋಪಚಾರ ಅಂತ ಚೆಂದದ ಹೆಸರು ಬೇರೆ.

ಮಂಗಳವಾರ ಮಾಶಿ ನೆಲದ ಮೇಲೆ ಬೊಟಿ ಇಟ್ಟುಕೊಂಡು ಆಲೂಗಡ್ಡೆ ಹೆಚ್ಚುತ್ತಿದ್ದರು. ಬೊಟಿ ಅಂದ್ರೆ ನಮ್ಮ ಈಳಿಗೆಮಣೆಯೇ. ಮಗನಿಗೆ ಹೆಣ್ಣು ಗೊತ್ತಾಗಿದೆಯಂತೆ. ಮುಖ ಅರಳಿತ್ತು.

"ನಾವೂ ಏನೂ ಕೇಳಲ್ಲ ಬೌದಿ. ಅವರು ಖುಷಿಯಿಂದ ಏನು ಕೊಡ್ತಾರೋ ಕೊಡಲಿ."

ನಾನು ಸುಮ್ನೆ ನಿಂತಿದ್ದೆ. ಮಗಳಿಗೆ ಆದದ್ದು ಇವರಿಗೆ ನೆನಪಿಲ್ವಾ ಅಂತ ಸಿಟ್ಟು ಬಂತು. ಆಮೇಲೆ ಹೊಳೀತು. ನೆನಪಿದೆ, ಪೈಸೆ ಪೈಸೆ ನೆನಪಿದೆ. ಆ ಸಾಲ ತೀರೋಕೆ ಅವರಿಗೆ ಕಾಣ್ತಿರೋದು ಇದೊಂದೇ ದಾರಿ. ಆ ಕಡೆ ಇನ್ಯಾವುದೋ ಹೆಂಗಸು ಈಗ ಸಂಘಕ್ಕೆ ಅರ್ಜಿ ಬರೀತಿರಬೇಕು.

ಮಾಶಿ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಮಗ ಕಳಿಸಿದ್ದ ಬೈಕಿನ ಫೋಟೋ ತೋರಿಸಿ, "ಇದಕ್ಕೆ ಎಷ್ಟಾಗುತ್ತೆ, ನಿಮ್ಮ ಫೋನಲ್ಲಿ ನೋಡಿ ಹೇಳ್ತೀರಾ?" ಅಂದರು.

ನೋಡಿ ಹೇಳಿದೆ.