ವೋಲ್ವೆ ಬಾವಿ ಪ್ರಾಜೆಕ್ಟ್: ಎಫ್-12 ಎಲ್ಲಿವರೆಗೂ ಬಂತು

ವೋಲ್ವೆಯ ಎಫ್-12 ಅನ್ನೋ ಎಣ್ಣೆ ಬಾವಿಯ ಉತ್ಪಾದನೆ ಮುಂದೆ ಹೇಗೆ ಇಳಿಯುತ್ತೆ ಅಂತ ಲೆಕ್ಕ ಹಾಕೋದು ಈ ಪ್ರಾಜೆಕ್ಟ್, ಈ ಸಲ ಕೋಡ್ ಬರೆದಿದ್ದಕ್ಕಿಂತ ಡೇಟಾ ನೋಡಿದ್ದೇ ಜಾಸ್ತಿ. ಹೊಸದಾಗಿ ಓದ್ತಿರೋರಿಗೆ ಹೇಳ್ಬಿಡ್ತೀನಿ, ವೋಲ್ವೆ ಅಂದ್ರೆ ನಾರ್ವೆ ಕಡೆ ಉತ್ತರ ಸಮುದ್ರದಲ್ಲಿರೋ ಸಣ್ಣ ತೈಲ ಕ್ಷೇತ್ರ, 2008ರಿಂದ 2016ರವರೆಗೆ ಎಣ್ಣೆ ಕೊಡ್ತು, ಆಮೇಲೆ ಮುಚ್ಚಿದ್ರು, 2018ರಲ್ಲಿ ಅದನ್ನ ನಡೆಸ್ತಿದ್ದ ಕಂಪನಿ ಈಕ್ವಿನಾರ್‌ನವ್ರು ಅದರ ಡೇಟಾ ಸುಮಾರು 40,000 ಫೈಲು ಎಲ್ರಿಗೂ ಬಿಟ್ಕೊಟ್ರು. ಬಾವಿ ಲೆಕ್ಕ ಅಂದ್ರೆ ಕಂಪನಿಗಳು ಯಾರಿಗೂ ತೋರ್ಸಲ್ಲ, ಹಾಗಾಗಿ ಹವ್ಯಾಸಕ್ಕೆ ಮಾಡೋರಿಗೆ ಇದು ದೊಡ್ಡ ಉಪಕಾರ.

ಪೈಥಾನ್‌ನಲ್ಲಿ ಬಾವಿ ಉತ್ಪಾದನೆ ದಿನ ಕಳೆದಂತೆ ಹೇಗೆ ಇಳಿಯುತ್ತೆ ಅಂತ ಹೇಳೋ ಆರ್ಪ್ಸ್ ಸೂತ್ರಾನ ಡೇಟಾಗೆ ಫಿಟ್ ಮಾಡೋದು ಹತ್ತು ಸಾಲಿನ ಕೆಲ್ಸ ಅಷ್ಟೇ. 1945ರದ್ದು, ಮೂರೇ ನಂಬರ್: ಶುರುವಿನ ಉತ್ಪಾದನೆ, ಇಳಿಯೋ ವೇಗ, ಆ ವೇಗ ಹೇಗೆ ತಗ್ತಾ ಹೋಗುತ್ತೆ ಅನ್ನೋ ಬಿ. ಬಿ ಸೊನ್ನೆ ಆದ್ರೆ ಪ್ರತಿ ತಿಂಗ್ಳೂ ಅಷ್ಟಷ್ಟೇ ಪರ್ಸೆಂಟ್ ಇಳಿಯುತ್ತೆ, ಒಂದರ ಹತ್ರ ಹೋದಷ್ಟೂ ಬಾಲ ಉದ್ದ. ಬಿ ಗೆ ಮಿತಿ ಹಾಕ್ಲೇಬೇಕು, ಒಂದು ಮುಟ್ಟಿದ್ರೆ ಲೆಕ್ಕದಲ್ಲಿ ಎಣ್ಣೆ ಮುಗಿಯೋದೇ ಇಲ್ಲ!

ಆದ್ರೆ ಈ ಸೂತ್ರ ಬಾವಿ ತಳದ ಒತ್ತಡ ಒಂದೇ ಸಮ ಇರುತ್ತೆ, ವಾಲ್ವ್ ಯಾರೂ ಮುಟ್ಟಲ್ಲ ಅಂತ ನಂಬ್ಕೊಂಡಿದೆ. ವೋಲ್ವೆಲಿ ಚೋಕ್ (ಹರಿವು ಹೆಚ್ಚುಕಮ್ಮಿ ಮಾಡೋ ವಾಲ್ವ್) ತಿರುಗಿಸ್ತಿದ್ರು, ಬಾವಿ ನಿಲ್ಸಿ ಮತ್ತೆ ಶುರು ಮಾಡ್ತಿದ್ರು, ಒತ್ತಡ ಬೀಳದೇ ಇರ್ಲಿ ಅಂತ ಬೇರೆ ಬಾವಿಗಳಿಂದ ಕೆಳಗೆ ನೀರು ಬೇರೆ ತುಂಬ್ತಿದ್ರು. ಕರ್ವ್ ಇಳಿದಿದ್ದು ನೆಲದ ಗುಣಕ್ಕಾ, ಮನುಷ್ಯನ ಕೈಯಿಂದಾನಾ ಅಂತ ಬೇರೆ ಮಾಡ್ದೇ ಭವಿಷ್ಯ ಹೇಳಿದ್ರೆ ಅದನ್ನ ನಂಬೋಕಾಗಲ್ಲ, ಈ ಪ್ರಾಜೆಕ್ಟ್‌ನಲ್ಲಿ ನಂಗೆ ಮುಖ್ಯ ಅನ್ಸೋದು ಇದೇ.

ಅದಕ್ಕೆ ಆನ್-ಸ್ಟ್ರೀಮ್ ಅವರ್ಸ್, ಅಂದ್ರೆ ಆ ದಿನ ಬಾವಿ ಎಷ್ಟು ಗಂಟೆ ಓಡ್ತು ಅನ್ನೋ ಕಾಲಮ್ ಹಿಡ್ಕೊಂಡೆ. 12 ಗಂಟೆ ಓಡಿದ ದಿನದ ಉತ್ಪಾದನೇನ 24 ಗಂಟೆ ದರಕ್ಕೆ ತಂದೆ, ಒಂದೆರಡು ಗಂಟೆ ಮಾತ್ರ ಓಡಿದ ದಿನಗಳನ್ನ ಕಿತ್ತಾಕ್ದೆ, ಯಾಕಂದ್ರೆ ನಿಂತು ಒತ್ತಡ ತುಂಬ್ಕೊಂಡಿರೋ ಬಾವಿ ತೆಗೆದ ತಕ್ಷಣ ಜೋರಾಗಿ ಕೊಡುತ್ತೆ, ಅದು ಅದರ ನಿಜವಾದ ತಾಕತ್ತಲ್ಲ. ಗ್ರಾಫಿನಲ್ಲಿದ್ದ ಗುಂಡಿಗಳು ಸುಮಾರು ಮುಚ್ಕೊಂಡ್ವು.

ಉಳಿದಿದ್ದು ನೀರು. ಎಫ್-12 ಮೊದಮೊದ್ಲು ಹೆಚ್ಚುಕಮ್ಮಿ ಬರೀ ಎಣ್ಣೆ ಕೊಟ್ಟಿದ್ದು, ಆಮೇಲೆ ನೀರು ಏರ್ತಾ ಏರ್ತಾ ಎಣ್ಣೆಯನ್ನೇ ಮೀರ್ಸಿಬಿಡ್ತು. ಬರೀ ಎಣ್ಣೆ ಕರ್ವ್ ನೋಡಿದ್ರೆ ಇದು ಕಾಣಲ್ಲ. ಹಾಗಾಗಿ ನೀರು-ಎಣ್ಣೆ ಅನುಪಾತಾನ ಲಾಗ್ ಸ್ಕೇಲ್‌ನಲ್ಲಿ, ಅಲ್ಲಿವರೆಗೆ ತೆಗೆದ ಒಟ್ಟು ಎಣ್ಣೆ ಎದುರಿಗೆ ಹಾಕೋ ಪ್ಲಾಟ್ ಈಗ ಸೇರಿಸ್ತಿದ್ದೀನಿ, ನೀರು ತುಂಬೋ ಕ್ಷೇತ್ರಗಳಲ್ಲಿ ಕೊನೆಗಾಲಕ್ಕೆ ಇದು ನೇರ ಗೆರೆ ಥರ ಆಗುತ್ತೆ ಅಂತ ಇಂಜಿನಿಯರ್‌ಗಳು ಬಳಸ್ತಾರೆ.

ಮುಂದೆ, 2011ರ ಕೊನೆವರೆಗಿನ ಡೇಟಾ ಮಾತ್ರ ಆರ್ಪ್ಸ್, ನೀರು-ಎಣ್ಣೆ ಅನುಪಾತ ಎರಡೂ ಮಾಡೆಲ್‌ಗೆ ಕೊಟ್ಟು, 2016ರವರೆಗೆ ಯಾವುದು ಹತ್ರ ಬರುತ್ತೆ ನೋಡೋದು, ಆಮೇಲೆ ಎಫ್-14 ಅನ್ನೋ ಇನ್ನೊಂದು ಬಾವಿಗೂ ಅದೇ.